ಕಸಿಯಾದ ಮೇಲೂ ಮಾತ್ರೆ ಯಾಕೆ ನಿಲ್ಲುವುದಿಲ್ಲ?

ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಯಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಕ್ರಿಯಾಟಿನಿನ್ ಸರಿಯಾಗಿದೆ, ವರ್ಷಗಳೇ ಕಳೆದಿವೆ, ಇನ್ನೂ ಈ ಮಾತ್ರೆಗಳು ಯಾಕೆ? ದೇಹಕ್ಕೆ ಇಷ್ಟು ಹೊತ್ತಿಗೆ ಒಗ್ಗಿಹೋಗಿರಬೇಕಲ್ಲ? ಸಾಮಾನ್ಯವಾಗಿ ಒಗ್ಗಿರುವುದಿಲ್ಲ. ಅದಕ್ಕಿರುವ ಕಾರಣಗಳಲ್ಲಿ ಒಂದು ಬಹಳ ವಿಚಿತ್ರವಾದದ್ದು.

ನಮ್ಮ ಬಹುತೇಕ ಜೀವಕೋಶಗಳ ಹೊರಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿರುತ್ತವೆ. ಇದು ನಮ್ಮ ಕೋಶವೋ, ಹೊರಗಿನದೋ ಎಂದು ರೋಗನಿರೋಧಕ ವ್ಯವಸ್ಥೆ ಗುರುತಿಸುವುದು ಹೆಚ್ಚಾಗಿ ಇವುಗಳಿಂದಲೇ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ದು ತದ್ರೂಪಿ ಅವಳಿಗಳ ನಡುವೆ. ಅಲ್ಲಿ ಈ ಗುರುತುಗಳಲ್ಲಿ ವ್ಯತ್ಯಾಸವೇ ಇರಲಿಲ್ಲ.

ಕಸಿ ಅಂಗದ ಮೇಲೆ ದಾಳಿ ಮಾಡುವುದರಲ್ಲಿ ಮುಖ್ಯವಾದವು ಟಿ ಕೋಶಗಳು. ಆದರೆ ಅವು ತಾವಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಡೆಂಡ್ರೈಟಿಕ್ ಕೋಶ ಎಂಬ ಇನ್ನೊಂದು ಕೋಶ ದುಗ್ಧಗ್ರಂಥಿಯಲ್ಲೋ ಗುಲ್ಮದಲ್ಲೋ ಪರಕೀಯ ಪ್ರೋಟೀನನ್ನು ಅವುಗಳಿಗೆ ತೋರಿಸಬೇಕು.

ಅಂಗದ ಜೊತೆಯಲ್ಲೇ ದಾನಿಯ ಡೆಂಡ್ರೈಟಿಕ್ ಕೋಶಗಳೂ ಬಂದಿರುತ್ತವೆ. ಟಿ ಕೋಶಗಳನ್ನು ಕೆರಳಿಸುವುದು ಇವೇ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಲೆಕ್ಕ ಹೊಂದುತ್ತಿರಲಿಲ್ಲ. ಇಲಿಗಳಲ್ಲಿ ಹೃದಯ ಕಸಿ ಮಾಡಿ ನೋಡಿದರೆ ಗುಲ್ಮ ತಲುಪುವ ದಾನಿಯ ಕೋಶಗಳು ಬೆರಳೆಣಿಕೆಯಷ್ಟು. ಅವೂ ಬೇಗ ಸಾಯುತ್ತವೆ. ಪ್ರತಿರೋಧ ಮಾತ್ರ ಜೋರಾಗಿಯೇ ಇರುತ್ತದೆ.

ಉತ್ತರ ಸಿಕ್ಕಿದ್ದು ರೋಗಿಯ ಸ್ವಂತ ಡೆಂಡ್ರೈಟಿಕ್ ಕೋಶಗಳಲ್ಲಿ. ಇವು ದಾನಿಯ ಎಚ್‌ಎಲ್‌ಎ ಪ್ರೋಟೀನನ್ನು ಇಡಿಯಾಗಿ ಎತ್ತಿಕೊಂಡು ತಮ್ಮ ಮೈಮೇಲೆ ಇಟ್ಟುಕೊಳ್ಳುತ್ತವೆ. ಬೇರೆಯವರ ಬಟ್ಟೆ ತೊಟ್ಟ ಹಾಗೆ. ವಿಜ್ಞಾನಿಗಳೂ ಇದನ್ನು ಕ್ರಾಸ್-ಡ್ರೆಸ್ಸಿಂಗ್ ಎಂದೇ ಕರೆಯುತ್ತಾರೆ. ಹೀಗೆ ಪಡೆದ ಪ್ರೋಟೀನು ಟಿ ಕೋಶವನ್ನು ಕೆರಳಿಸಬಲ್ಲದು ಎಂದು 2004ರಲ್ಲಿ ಲಂಡನ್ನಿನ ರಾಬರ್ಟ್ ಲೆಕ್ಲರ್ ಅವರ ತಂಡ ತೋರಿಸಿತು.

ಈ ಕೊಡುಕೊಳ್ಳುವಿಕೆ ಎರಡು ರೀತಿ ನಡೆಯುತ್ತದೆ. ಎರಡು ಕೋಶಗಳು ತಾಗಿದಾಗ ಒಂದು ಇನ್ನೊಂದರ ಹೊರಪೊರೆಯ ತುಣುಕನ್ನು ಕಚ್ಚಿಕೊಳ್ಳುತ್ತದೆ. ಇದಕ್ಕೆ ಟ್ರೋಗೋಸೈಟೋಸಿಸ್ ಎಂದು ಹೆಸರು, ಕೆಲವೇ ನಿಮಿಷಗಳ ಕೆಲಸ. ಇನ್ನೊಂದು, ಎಕ್ಸೋಸೋಮ್‌ಗಳ ಮೂಲಕ. ಇವು ಕೋಶ ಹೊರಬಿಡುವ ಸೂಕ್ಷ್ಮ ಚೀಲಗಳು. ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರ. ದಾನಿಯ ಒಂದು ಕೋಶ ಬಿಟ್ಟ ಚೀಲಗಳು ರೋಗಿಯ ಹಲವು ಕೋಶಗಳಿಗೆ ಅಂಟಿಕೊಳ್ಳಬಹುದು. ಬೆರಳೆಣಿಕೆಯ ಕೋಶಗಳಿಂದ ಅಷ್ಟು ದೊಡ್ಡ ಗಲಾಟೆ ಹೇಗೆ ಎಂಬುದು 2016ರಲ್ಲಿ ಪಿಟ್ಸ್‌ಬರ್ಗ್ ಮತ್ತು ಬಾಸ್ಟನ್ನಿನ ತಂಡಗಳು ಇಲಿಗಳಲ್ಲಿ ಇದನ್ನು ಕಂಡಾಗ ಅರ್ಥವಾಯಿತು.

ಹಾಗಾದರೆ ರೋಗಿಯ ವಂಶವಾಹಿಯೇ ಬದಲಾಯಿತೇ? ಇಲ್ಲ. ಬಂದದ್ದು ಪ್ರೋಟೀನು ಮಾತ್ರ, ಅದನ್ನು ತಯಾರಿಸುವ ವಿಧಾನವಲ್ಲ. ಹೊಸದಾಗಿ ಸಿಗದಿದ್ದರೆ ಸ್ವಲ್ಪ ಕಾಲದಲ್ಲಿ ಅಳಿಸಿಹೋಗುತ್ತದೆ. ತೊಡಕಿರುವುದೇ ಇಲ್ಲಿ: ಕಸಿ ಅಂಗ ಮೈಯೊಳಗಿರುವವರೆಗೂ ಪೂರೈಕೆ ನಡೆಯುತ್ತಲೇ ಇರಬಹುದು.

ಇದರಿಂದ ಯಾವಾಗಲೂ ಕೆಡುಕೇ ಎಂದೂ ಹೇಳುವಂತಿಲ್ಲ. ಇಲಿಗಳ ಯಕೃತ್ ಕಸಿಯಲ್ಲಿ, ಹೀಗೆ ವೇಷ ಬದಲಿಸಿದ ಕೋಶಗಳಲ್ಲಿ ಟಿ ಕೋಶಗಳನ್ನು ತಣ್ಣಗಾಗಿಸುವ ಪಿಡಿ-ಎಲ್1 ಎಂಬ ಪ್ರೋಟೀನು ಹೆಚ್ಚಾಗಿ ಕಂಡುಬಂದಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಮುಖವೇ.

ಪ್ರಯೋಗಾಲಯದಲ್ಲಿ ಈ ವೇಷ ಬದಲಾವಣೆಯನ್ನು ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ನೋಡುತ್ತಾರೆ. ದಾನಿಯ ಗುರುತಿಗೆ ಒಂದು ಬಣ್ಣ, ರೋಗಿಯ ಗುರುತಿಗೆ ಇನ್ನೊಂದು. ಎರಡೂ ಬಣ್ಣ ತೋರುವ ಕೋಶಗಳು ಪರದೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕಿಗಳಾಗಿ ಬೀಳುತ್ತವೆ. ಆದರೆ ಇದು ಸಂಶೋಧನೆಯ ಕೆಲಸ. ಡಾಕ್ಟರು ನಿಮಗೆ ಬರೆದುಕೊಡುವುದು ಬೇರೆ ಪರೀಕ್ಷೆಗಳು: ಕಸಿಗೆ ಮುಂಚೆ ಎಚ್‌ಎಲ್‌ಎ ಟೈಪಿಂಗ್ ಮತ್ತು ಕ್ರಾಸ್‌ಮ್ಯಾಚ್, ಆಮೇಲೆ ಬೇಕೆನಿಸಿದರೆ ಡಿಎಸ್‌ಎ, ಅಂದರೆ ದಾನಿಯ ವಿರುದ್ಧ ಹುಟ್ಟಿದ ಪ್ರತಿಕಾಯಗಳ ಪರೀಕ್ಷೆ.

ಈಗ ಮಾತ್ರೆಗೆ ಬರೋಣ. ಕಸಿಯಾದವರು ನುಂಗುವ ಮಾತ್ರೆಗಳಲ್ಲಿ ಒಂದಾದ ಟ್ಯಾಕ್ರೋಲಿಮಸ್ ಕೆಲಸ ಮಾಡುವುದು ಮುಖ್ಯವಾಗಿ ಟಿ ಕೋಶದೊಳಗೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಆಗ ಟಿ ಕೋಶ ಪರಕೀಯವನ್ನು ಕಂಡರೂ ಮುಂದಿನ ಹೆಜ್ಜೆ ಇಡುವುದಿಲ್ಲ. ಮಾತ್ರೆ ಬಿಟ್ಟರೆ ಆ ತಡೆ ಹೋಗುತ್ತದೆ, ತೋರಿಸುವ ಕೋಶಗಳು ಮಾತ್ರ ಅಲ್ಲೇ ಇರುತ್ತವೆ.

ರಕ್ತದಲ್ಲಿ ಈ ಔಷಧಿಯ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗಿ ಹೋಗಬೇಡಿ. ಜೊತೆಗೆ ಒಯ್ಯಿರಿ, ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಇನ್ನೊಂದು ಮಾತು: ಚಕ್ಕೋತ ಹಣ್ಣು ಬೇಡ. ದೇವನಹಳ್ಳಿಯದಾದರೂ ಬೇಡ. ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು.

ಮಾತ್ರೆಯ ಖರ್ಚು ಡೋಸು, ಕಂಪನಿ ನೋಡಿಕೊಂಡು ಬದಲಾಗುತ್ತದೆ. ಅಗ್ಗ ಎಂದು ಡಾಕ್ಟರಿಗೆ ಹೇಳದೆ ಕಂಪನಿ ಬದಲಿಸಬೇಡಿ, ರಕ್ತದಲ್ಲಿ ಔಷಧಿಯ ಮಟ್ಟ ಏರುಪೇರಾಗಬಹುದು. ಬೆಂಗಳೂರಿನ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆಯಲ್ಲಿ ಕಿಡ್ನಿ ಕಸಿ ನಡೆಯುತ್ತದೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವು ಸಿಗುತ್ತದೆ. ಮೃತ ದಾನಿಯ ಅಂಗಕ್ಕಾಗಿ ಕಾಯುವವರ ಹೆಸರು ಆಸ್ಪತ್ರೆಯ ಮೂಲಕವೇ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ನೋಂದಣಿಯಾಗುತ್ತದೆ. ಕಸಿಯ ನಂತರದ ಔಷಧಿಗೆ ನೆರವು ಎಷ್ಟು, ಎಲ್ಲಿಯವರೆಗೆ ಎಂದು ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರನ್ನು ಆಪರೇಷನ್ನಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.