ಕಂತಿನ ಲೆಕ್ಕವೂ ಕಥೆಯ ಕೊನೆಯೂ

ಚಿತ್ರ, ಸಂಗೀತ, ಸಂಭಾಷಣೆಗಳಿಂದ ಕಥೆ ಹೇಳಿ, ತಿರುವುಗಳ ಆಯ್ಕೆಯನ್ನು ಓದುಗನಿಗೇ ಬಿಡುವ ಕಂಪ್ಯೂಟರ್ ಆಟವೇ ‘ವಿಷುಯಲ್ ನಾವೆಲ್’. ವಯಸ್ಕರಿಗೆಂದೇ ರಚಿತವಾಗುವ ಇಂತಹ ಕೃತಿಗಳ ಅಭಿಮಾನಿಗಳು, ಯಾವ ಕರ್ತೃ ವರ್ಷಕ್ಕೆ ಎಷ್ಟು ಕಂತು ಕೊಟ್ಟನೆಂದು ಹೋಲಿಸುವುದುಂಟು. ಈ ಲೆಕ್ಕಾಚಾರ ಅಪೂರ್ಣವೆಂಬುದು ನನ್ನ ಅನಿಸಿಕೆ.

ಜಪಾನಿನ ಟೈಪ್-ಮೂನ್ ಸಂಸ್ಥೆ 2004ರಲ್ಲಿ ‘ಫೇಟ್/ಸ್ಟೇ ನೈಟ್’ ಕೃತಿಯನ್ನು ಪೂರ್ಣಗೊಳಿಸಿಯೇ ಮಾರಿತು. ‘ಕತಾವಾ ಶೋಜೋ’ ರಚಿಸಿದ ಹವ್ಯಾಸಿಗಳ ತಂಡ 2009ರಲ್ಲಿ ಮೊದಲ ಅಂಕವನ್ನೂ 2012ರಲ್ಲಿ ಇಡೀ ಕೃತಿಯನ್ನೂ ಉಚಿತವಾಗಿ ನೀಡಿತು. ನಿಧಾನವಾದರೂ ಅದು ಮುಗಿಯಿತು.

2013ರಲ್ಲಿ ಆರಂಭವಾದ ಪೇಟ್ರಿಯಾನ್ ಈ ಗಣಿತವನ್ನೇ ಬದಲಿಸಿತು. ಮುಗಿಯದ ಕೃತಿಗೂ ತಿಂಗಳ ಚಂದಾ ಬರತೊಡಗಿತು. ಬರೆವಣಿಗೆ, ಚಿತ್ರ, ಪ್ರೋಗ್ರಾಮಿಂಗ್ ಮೂರನ್ನೂ ಒಬ್ಬನೇ ನಿಭಾಯಿಸುವ ಕರ್ತೃವಿಗೆ ಇದು ಅನ್ನದ ದಾರಿ, ನಿಜ. ಆದರೆ ಕಥೆ ಮುಗಿದರೆ ವರಮಾನಕ್ಕೇ ಕುತ್ತು! ಹೀಗಾಗಿ ತಿಂಗಳಿಗೊಂದು ಕಿರುಕಂತು ಕೊಡುವವನು ಚುರುಕಾಗಿ ಕಾಣುತ್ತಾನೆ. ಕವಲೊಡೆಯುವ ಕಥೆಯ ಪ್ರತಿ ಟಿಸಿಲನ್ನೂ ತಿದ್ದಿ, ಆರು ತಿಂಗಳಿಗೊಮ್ಮೆ ದೊಡ್ಡ ಅಧ್ಯಾಯ ಕೊಡುವವನು ಸೋಮಾರಿಯೆನಿಸುತ್ತಾನೆ.

ಕಂತುಗಳ ಸಂಖ್ಯೆಗಿಂತ, ಕಥೆ ಕೊನೆಯತ್ತ ಎಷ್ಟು ಸರಿಯಿತೆಂಬುದೇ ಸರಿಯಾದ ಅಳತೆ. ಕೆಲಸ ನಿಂತ ತಿಂಗಳಲ್ಲಿ ಚಂದಾ ವಸೂಲಿಯನ್ನು ತಡೆಹಿಡಿಯುವ ಅವಕಾಶ ಪೇಟ್ರಿಯಾನ್‌ನಲ್ಲೇ ಇದೆ. ಅದನ್ನು ಬಳಸುವ ಕರ್ತೃವಿನ ನಿಧಾನವನ್ನು ಓದುಗರು ಸಹಿಸಿಕೊಂಡಾರು.