ಪ್ರವೇಶ ಪರೀಕ್ಷೆಯೂ ಕಾಲವಿಭಾಗವೂ

ನಮ್ಮ ಪೂರ್ವಿಕರು ಹಗಲಿರುಳನ್ನು ಅರವತ್ತು ಘಳಿಗೆಗಳಾಗಿ ವಿಭಾಗಿಸಿದ್ದರೆಂಬುದು ಸರ್ವವಿದಿತ. ಎರಡು ಘಳಿಗೆಗಳು ಕೂಡಿದರೆ ಒಂದು ಮುಹೂರ್ತ. ಈಗಿನ ಗಡಿಯಾರದ ಲೆಕ್ಕದಲ್ಲಿ ಅದು ೪೮ ನಿಮಿಷ. ಹಳೆಯ ಪಾಠಶಾಲೆಗಳಲ್ಲಿ ಪಾಠಕ್ಕೊಂದು ಹೊತ್ತು, ಆವೃತ್ತಿಗೊಂದು ಹೊತ್ತು, ಚಿಂತನಕ್ಕೊಂದು ಹೊತ್ತು ಎಂಬ ಕಟ್ಟುಪಾಡಿತ್ತು. ಈ ಹಳೆಯ ಅಳತೆಗೂ ಇಂದಿನ ಎಂ.ಬಿ.ಎ. ಪ್ರವೇಶ ಪರೀಕ್ಷೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ವ್ಯವಹಾರ ನಿರ್ವಹಣೆಯ ಉನ್ನತ ವ್ಯಾಸಂಗಕ್ಕಾಗಿ ೧೯೬೧ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿಯೂ, ೧೯೭೩ರಲ್ಲಿ ಬೆಂಗಳೂರಿನಲ್ಲಿಯೂ ಐ.ಐ.ಎಂ. ಎಂಬ ಸಂಸ್ಥೆಗಳು ಸ್ಥಾಪಿತವಾದವು. ಇಂದು ಇಂಥ ಸಂಸ್ಥೆಗಳು ದೇಶದಲ್ಲಿ ಅನೇಕ. ಇವುಗಳ ಪ್ರವೇಶಕ್ಕೆ ನಡೆಯುವ ಪರೀಕ್ಷೆಗೆ ಕ್ಯಾಟ್ ಎಂದು ಹೆಸರು. ಪದವಿಯ ಅಂತಿಮ ವರ್ಷದಲ್ಲಿರುವವರೂ ಇದಕ್ಕೆ ಕುಳಿತುಕೊಳ್ಳಬಹುದು. ನಮ್ಮ ರಾಜ್ಯದ ಕಾಲೇಜುಗಳ ಎಂ.ಬಿ.ಎ. ತರಗತಿಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ. ಪರೀಕ್ಷೆಯಿದೆ. ಕೊರಟಗೆರೆ, ಮಧುಗಿರಿ, ಪಾವಗಡಗಳ ಕಡೆಯಿಂದ ಬಿ.ಕಾಂ., ಬಿ.ಎಸ್‌ಸಿ. ಓದಿದ ಹುಡುಗ ಹುಡುಗಿಯರು ಈ ಎರಡು ಬಾಗಿಲುಗಳನ್ನೂ ತಟ್ಟಬಹುದು. ಆದರೆ ಈ ಸೀಮೆಯ ವಿದ್ಯಾರ್ಥಿಗೆ ಬುದ್ಧಿಯ ಕೊರತೆಗಿಂತ ಹೊತ್ತಿನ ಕೊರತೆ ದೊಡ್ಡದು. ಹೊಲ, ದನಕರು, ಅಂಗಡಿ, ತುಮಕೂರಿಗೆ ಹೋಗಿಬರುವ ಬಸ್ಸು ಇವೆಲ್ಲ ದಿನದ ಬಹುಭಾಗವನ್ನು ಕಬಳಿಸುತ್ತವೆ. ಉಳಿದ ಹೊತ್ತನ್ನು ಹೇಗೆ ವಿನಿಯೋಗಿಸಬೇಕೆಂಬುದೇ ಪ್ರಕೃತ ವಿಚಾರ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯಬೇಕು. ಕ್ಯಾಟ್ ಪರೀಕ್ಷೆಯು ೨೦೨೦ರಿಂದ ಎರಡು ಗಂಟೆಗಳದ್ದಾಗಿದ್ದು, ಇದರಲ್ಲಿ ಮೂರು ವಿಭಾಗಗಳಿವೆ: ಇಂಗ್ಲಿಷ್ ಭಾಷೆ ಮತ್ತು ಗದ್ಯಗ್ರಹಣ, ಅಂಕಿ ಅಂಶಗಳ ವಿವೇಚನೆ ಮತ್ತು ತರ್ಕ, ಗಣಿತ. ಒಂದೊಂದಕ್ಕೂ ೪೦ ನಿಮಿಷ. ಒಂದು ವಿಭಾಗದಲ್ಲಿ ಉಳಿಸಿದ ಹೊತ್ತನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಮುಗಿದ ವಿಭಾಗಕ್ಕೆ ಹಿಂದಿರುಗುವಂತೆಯೂ ಇಲ್ಲ. ೨೦೨೪ರ ಪರೀಕ್ಷೆಯಲ್ಲಿ ಕ್ರಮವಾಗಿ ೨೪, ೨೨, ೨೨, ಒಟ್ಟು ೬೮ ಪ್ರಶ್ನೆಗಳಿದ್ದವು. ಅಂದರೆ ಭಾಷೆಯ ಪ್ರಶ್ನೆಯೊಂದಕ್ಕೆ ನೂರು ಸೆಕೆಂಡು, ಗಣಿತದ ಪ್ರಶ್ನೆಯೊಂದಕ್ಕೆ ಸುಮಾರು ನೂರ ಒಂಬತ್ತು ಸೆಕೆಂಡು. ಸರಿಯುತ್ತರಕ್ಕೆ ಮೂರು ಅಂಕ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ತಪ್ಪುತ್ತರವಿತ್ತರೆ ಒಂದು ಅಂಕ ಕಡಿತ. ಕಣ್ಣುಮುಚ್ಚಿ ಗುರುತು ಹಾಕಿದವನಿಗೆ ನಾಲ್ಕು ಸಲಕ್ಕೊಮ್ಮೆ ಮೂರು ಅಂಕ ಬಂದರೆ ಉಳಿದ ಮೂರು ಸಲ ಆ ಮೂರೂ ಹೋಗುತ್ತವೆ, ಲಾಭ ಶೂನ್ಯ. ಪಿ.ಜಿ.ಸಿ.ಇ.ಟಿ.ಯ ರೀತಿ ಬೇರೆ. ಅಲ್ಲಿ ಎರಡು ಗಂಟೆಗೆ ನೂರು ಪ್ರಶ್ನೆ, ಒಂದಕ್ಕೆ ೭೨ ಸೆಕೆಂಡು, ತಪ್ಪಿಗೆ ಕಡಿತವಿಲ್ಲ. ಆದುದರಿಂದ ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಲ್ಲಿಯಾದರೋ ಬಿಡುವುದನ್ನು ಕಲಿಯಬೇಕು.

ಬಿಡುವುದನ್ನು ಕಲಿಯುವುದೇ ಈ ಪರೀಕ್ಷೆಯ ತಿರುಳು. ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆದು ಮುಗಿಸುವವನೇ ಜಾಣನೆಂಬ ಭಾವನೆ ಬೇರೂರಿದೆ. ಈ ಪರೀಕ್ಷೆ ಅದಕ್ಕೆ ವಿಪರೀತ. ಕಠಿನವಾದ ಒಂದು ಲೆಕ್ಕಕ್ಕೆ ಹಟ ಹಿಡಿದು ಆರು ನಿಮಿಷ ಕಳೆದವನು ಸುಲಭವಾದ ಮೂರು ಲೆಕ್ಕಗಳನ್ನು ಕಳೆದುಕೊಂಡಂತೆಯೇ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆರಿಸುವ, ಬಿಡುವ ಈ ವಿವೇಕವು ಪರೀಕ್ಷೆಯ ದಿನ ಹಠಾತ್ತನೆ ಬರುವುದಲ್ಲ. ನಿತ್ಯದ ಓದಿನಲ್ಲಿಯೇ ಅದನ್ನು ರೂಢಿಸಬೇಕು.

ಹೇಗೆಂದರೆ, ಓದನ್ನು ಗಂಟೆಗಳಲ್ಲಿ ಅಳೆಯದೆ ಮುಹೂರ್ತಗಳಲ್ಲಿ ಅಳೆಯಬೇಕು. ಒಂದು ಮುಹೂರ್ತದ ೪೮ ನಿಮಿಷಗಳಲ್ಲಿ ೪೦ ನಿಮಿಷ ಪರೀಕ್ಷೆಯ ವಿಭಾಗದಂತೆಯೇ ಎಡೆಬಿಡದ ಅಭ್ಯಾಸ. ಉಳಿದ ಎಂಟು ನಿಮಿಷ ಮಾಡಿದ್ದರ ಪರಿಶೀಲನೆ. ಹೀಗೆ ಮಾಡಿದ ವಿದ್ಯಾರ್ಥಿಗೆ ನಲವತ್ತು ನಿಮಿಷವೆಂದರೆ ಎಷ್ಟೆಂಬುದು ಗಡಿಯಾರ ನೋಡದೆಯೇ ಮನಸ್ಸಿಗೆ ಹತ್ತುತ್ತದೆ. ದಿನಕ್ಕೆ ಇಂಥ ಮೂರು ಮುಹೂರ್ತಗಳು ಸಾಕು. ಸೂರ್ಯೋದಯಕ್ಕೆ ಮುಂಚಿನ ಬ್ರಾಹ್ಮೀಮುಹೂರ್ತದಲ್ಲಿ, ಮನೆಗೆಲಸಕ್ಕೆ ಕರೆ ಬರುವ ಮೊದಲೇ, ಗಣಿತ; ಸಂಜೆ ಒಂದು ಮುಹೂರ್ತ ತರ್ಕ; ರಾತ್ರಿ ಊಟಕ್ಕೆ ಮುನ್ನ ಒಂದು ಮುಹೂರ್ತ ಗದ್ಯಗ್ರಹಣ. ಬಸ್ಸಿನ ಹೊತ್ತು ಲೆಕ್ಕ ಬಿಡಿಸುವುದಕ್ಕೆ ಒದಗದು. ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯವನ್ನು ಓದುವುದಕ್ಕೂ, ಬೆಳಗ್ಗೆ ಕಲಿತ ಸೂತ್ರಗಳನ್ನು ನೆನೆಯುವುದಕ್ಕೂ ಅದು ಯೋಗ್ಯ. ನಿದ್ರೆಯನ್ನು ಕಡಿದು ಓದುವುದು ಮಾತ್ರ ಸಲ್ಲದು. ಎಚ್ಚರ ತಪ್ಪಿದ ಮನಸ್ಸು ತರ್ಕದ ಎಳೆಯನ್ನು ಹಿಡಿಯಲಾರದು.

ವಾರದ ಏಳು ದಿನಗಳೂ ಹೊಸ ಪಾಠಕ್ಕಲ್ಲ. ಹಿಂದೆ ಪಾಡ್ಯ, ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳಾಗಿದ್ದವು. ಅಂದು ಗುರುಗಳು ಹೊಸ ಪಾಠ ಹೇಳುತ್ತಿರಲಿಲ್ಲ. ಅದರಂತೆ ವಾರಕ್ಕೊಂದು ದಿನ ಹೊಸದನ್ನು ಬದಿಗಿಟ್ಟು ಹಿಂದಿನದನ್ನು ತಿರುವಿಹಾಕಬೇಕು. ಉಳಿದ ಆರು ದಿನಗಳಲ್ಲಿ ದಿನಕ್ಕೆ ಮೂರು ಮುಹೂರ್ತವೆಂದರೆ ವಾರಕ್ಕೆ ಹದಿನಾಲ್ಕೂವರೆ ಗಂಟೆಗೆ ಸ್ವಲ್ಪ ಕಡಮೆ. ೨೫ ವಾರಗಳಿಗೆ ೩೬೦ ಗಂಟೆ. ಹೊಲದ ಕೆಲಸವಿರುವ ಮನೆಯ ಹುಡುಗನಿಗೂ ಇಷ್ಟು ಸಾಧ್ಯ.

ಇಪ್ಪತ್ತೈದು ವಾರಗಳೆಂದು ಹೇಳಿದ್ದಕ್ಕೆ ಕಾರಣವುಂಟು. ಕ್ಯಾಟ್ ಪರೀಕ್ಷೆ ಇತ್ತೀಚಿನ ವರ್ಷಗಳಲ್ಲಿ ನವೆಂಬರ್ ತಿಂಗಳ ಕೊನೆಯ ಭಾನುವಾರ ನಡೆಯುತ್ತಿದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಜೂನ್ ಮೊದಲಲ್ಲಿ ಆರಂಭ ಮಾಡಬೇಕಾಗುತ್ತದೆ. ಪರೀಕ್ಷೆಗೆ ಮುಂಚಿನ ವಾರಗಳಲ್ಲಿಯೇ ನಮ್ಮ ಸೀಮೆಯಲ್ಲಿ ಕಡಲೆಕಾಯಿ ಕೀಳುವ, ರಾಗಿ ಕೊಯ್ಯುವ ಕೆಲಸಗಳು ಒದಗುತ್ತವೆಂಬುದನ್ನು ನಗರದ ತರಬೇತಿ ಕೇಂದ್ರಗಳ ವೇಳಾಪಟ್ಟಿಗಳು ಗಣಿಸುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮನೆಯವರಿಗೆ ಕೈಗೂಡಿಸದೆ ಪುಸ್ತಕ ಹಿಡಿದು ಕೂರುವುದು ನಮ್ಮ ಮಕ್ಕಳಿಗೆ ಆಗದ ಮಾತು. ಆದಕಾರಣ ಭಾರವಾದ ಕಲಿಕೆಯೆಲ್ಲವೂ ಸುಗ್ಗಿಗೆ ಮುನ್ನವೇ ಮುಗಿಯಬೇಕು. ಮೊದಲ ಹನ್ನೆರಡು ವಾರ ವಿಷಯಗಳ ಅಧ್ಯಯನ. ನಡುವಿನ ಎಂಟು ವಾರ ಒಂದೊಂದು ವಿಭಾಗವನ್ನು ಗಡಿಯಾರವಿಟ್ಟು ಬಿಡಿಸುವ ಅಭ್ಯಾಸ. ಕಡೆಯ ಐದು ವಾರ ಪೂರ್ಣ ಮಾದರಿ ಪರೀಕ್ಷೆಗಳು ಮಾತ್ರ. ಸುಗ್ಗಿಯ ಯಾವುದಾದರೊಂದು ವಾರದಲ್ಲಿ ಮೂರು ಮುಹೂರ್ತ ಒಂದಕ್ಕೆ ಇಳಿದರೂ ಆಗ ಕಟ್ಟಡ ಕುಸಿಯುವುದಿಲ್ಲ.

ಮಾದರಿ ಪರೀಕ್ಷೆಯನ್ನು ಬರೆದು ಅಂಕವನ್ನು ನೋಡಿ ಹಿಗ್ಗುವುದು ಅಥವಾ ಕುಗ್ಗುವುದು ನಿಷ್ಫಲ. ಎರಡು ಗಂಟೆ ಬರೆದುದಕ್ಕೆ ನಾಲ್ಕು ಗಂಟೆಯ ವಿಮರ್ಶೆ ಬೇಕು. ಒಂದು ಪುಸ್ತಕದಲ್ಲಿ ಮೂರು ಗೀಟುಗಳನ್ನೆಳೆದು ತಪ್ಪುಗಳನ್ನು ವಿಂಗಡಿಸಬೇಕು: ಅರಿಯದೆ ತಪ್ಪಿದ್ದು, ಅರಿತೂ ತಪ್ಪಿದ್ದು, ಹೊತ್ತು ಮೀರಿ ತಪ್ಪಿದ್ದು. ಮೊದಲನೆಯದಕ್ಕೆ ಪಾಠವೇ ಮದ್ದು, ಎರಡನೆಯದಕ್ಕೆ ಆವೃತ್ತಿ, ಮೂರನೆಯದಕ್ಕೆ ಬಿಡುವ ಅಭ್ಯಾಸ. ಮೂರಕ್ಕೂ ಒಂದೇ ಮದ್ದೆಂದು ತಿಳಿದು ಮತ್ತೆ ಮತ್ತೆ ಹೊಸ ಪುಸ್ತಕ ಕೊಳ್ಳುವುದು ಕಾಲಹರಣವೇ ಸರಿ. ಪ್ರಿಯವಾದ ವಿಷಯವನ್ನೇ ಓದುತ್ತ ಅಪ್ರಿಯವಾದುದನ್ನು ಮುಂದೂಡುವುದೂ ಅಪಾಯಕರ. ಐ.ಐ.ಎಂ.ಗಳು ಒಟ್ಟು ಅಂಕವನ್ನಷ್ಟೇ ಅಲ್ಲದೆ ಮೂರು ವಿಭಾಗಗಳಲ್ಲಿಯೂ ಕನಿಷ್ಠ ಮಟ್ಟವನ್ನು ಅಪೇಕ್ಷಿಸುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಭಾಷೆಯ ವಿಭಾಗವೇ ದೊಡ್ಡ ಭಯ. ಆ ಭಯ ಪೂರ್ತಿ ನಿರಾಧಾರವಲ್ಲ. ಪದಸಂಪತ್ತಿಗಾಗಿ ಮೊದಲ ಹಂತದಲ್ಲಿ ಅವರು ಇನ್ನೊಂದು ಮುಹೂರ್ತವನ್ನು ಕೂಡಿಸಿಕೊಳ್ಳುವುದು ಉಚಿತ. ಆದರೆ ಗದ್ಯಗ್ರಹಣವು ಪದಗಳ ಪರೀಕ್ಷೆಗಿಂತ ಮಿಗಿಲಾಗಿ ತಾತ್ಪರ್ಯದ ಪರೀಕ್ಷೆ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರೆ: ಉಪಕ್ರಮೋಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಲೇಖಕನು ಆರಂಭದಲ್ಲಿಯೂ ಮುಕ್ತಾಯದಲ್ಲಿಯೂ ಹೇಳಿದ್ದೇನು, ಮತ್ತೆ ಮತ್ತೆ ಹೇಳಿದ್ದೇನು, ಹೊಸದಾಗಿ ಹೇಳಿದ್ದೇನು, ಅದರ ಪ್ರಯೋಜನವೇನು, ಅಲಂಕಾರಕ್ಕೆಂದು ಹೊಗಳಿ ತೆಗಳಿದ್ದೇನು, ಕೊಟ್ಟ ಯುಕ್ತಿಯೇನು ಎಂದು ಕೇಳಿಕೊಳ್ಳುತ್ತ ಓದಿದರೆ ಸುಮಾರು ಐದುನೂರು ಪದಗಳ ಇಂಗ್ಲಿಷ್ ಗದ್ಯಭಾಗವೂ ಬಿಚ್ಚಿಕೊಳ್ಳುತ್ತದೆ. ೨೦೨೪ರಲ್ಲಿ ಇಂಥ ನಾಲ್ಕು ಗದ್ಯಭಾಗಗಳಿಂದ ಹದಿನಾರು ಪ್ರಶ್ನೆಗಳಿದ್ದವು. ಒಂದೊಂದಕ್ಕೆ ಏಳು ನಿಮಿಷ ಕೊಟ್ಟರೆ ೨೮ ನಿಮಿಷವಾಗಿ, ಉಳಿದ ಎಂಟು ಪ್ರಶ್ನೆಗಳಿಗೆ ೧೨ ನಿಮಿಷ ಮಿಗುತ್ತದೆ. ಕನ್ನಡ ಗದ್ಯವನ್ನು ಈ ಕ್ರಮದಿಂದ ಓದಿ ಅಭ್ಯಾಸವಿದ್ದವನು ಇಂಗ್ಲಿಷಿಗೆ ಹೋದಾಗ ಬರಿಗೈಯಲ್ಲಿ ಹೋಗುವುದಿಲ್ಲ. ಕನ್ನಡ ಪಾಠವನ್ನು ಅಂಕಕ್ಕಾಗಿ ಮಾತ್ರ ಬೋಧಿಸುವ ಉಪಾಧ್ಯಾಯ ಮಿತ್ರರು ಇದನ್ನು ಗಮನಿಸಬೇಕೆಂದು ವಿನಂತಿ.

ಕಡೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಮಾತು. ಉಳ್ಳವರ ಮಕ್ಕಳ ಹೊತ್ತು ಅವರ ಕೈಯಲ್ಲಿದೆ. ಇಲ್ಲದವರ ಮಕ್ಕಳ ಹೊತ್ತು ಅವರದಲ್ಲ. ಆದ್ದರಿಂದ ದಾನಗಳಲ್ಲಿ ಕಾಲದಾನವೂ ಒಂದೆಂದು ಭಾವಿಸಬೇಕು. ರಾತ್ರಿ ಒಂಬತ್ತರವರೆಗೆ ದೀಪ ಉರಿಯುವ ಒಂದು ನಿಶ್ಶಬ್ದವಾದ ಕೊಠಡಿ, ಒಂದು ಇಂಗ್ಲಿಷ್ ದಿನಪತ್ರಿಕೆ, ಮಾದರಿ ಪರೀಕ್ಷೆ ಬರೆಯಲು ಎರಡು ಕಂಪ್ಯೂಟರುಗಳು ಇವು ದೊಡ್ಡ ವೆಚ್ಚದವಲ್ಲ. ಪೇಟೆಯಲ್ಲಿ ಉದ್ಯೋಗದಲ್ಲಿರುವ ಹಿರಿಯ ವಿದ್ಯಾರ್ಥಿಯೊಬ್ಬನು ತಿಂಗಳಿಗೊಮ್ಮೆ ಊರಿಗೆ ಬಂದು ಮಕ್ಕಳ ತಪ್ಪಿನ ಪುಸ್ತಕವನ್ನು ಪಕ್ಕದಲ್ಲಿ ಕುಳಿತು ನೋಡಿದರೆ, ಅವರ ಪಾಲಿಗೆ ಅದು ಎಷ್ಟೋ ದಿನಗಳ ಉಳಿತಾಯ. ಸುಗ್ಗಿಯಲ್ಲಿ ನೆರೆಯವರ ಮಗನಿಗಾಗಿ ಒಂದು ದಿನದ ಕೂಲಿಯಾಳನ್ನು ಕಳುಹಿಸಿಕೊಟ್ಟವರೂ ವಿದ್ಯಾದಾನಿಗಳೇ.

ಪರೀಕ್ಷೆಯಲ್ಲಿ ಎಲ್ಲರೂ ತೇರ್ಗಡೆಯಾಗಲಾರರು. ಆದರೆ ಹೊತ್ತನ್ನು ಅಳೆದು ಬಳಸುವುದನ್ನೂ, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂಬ ವಿವೇಕವನ್ನೂ ಕಲಿತವನು ಅಂಗಡಿ ನಡೆಸಿದರೂ, ತೋಟ ಮಾಡಿದರೂ, ಯಾವ ಕಚೇರಿಯಲ್ಲಿ ಕುಳಿತರೂ ವ್ಯವಹಾರ ನಿರ್ವಹಣೆಯ ಮೊದಲ ಪಾಠವನ್ನು ಆಗಲೇ ಮುಗಿಸಿರುತ್ತಾನೆ. ನಮ್ಮ ಮಕ್ಕಳಿಗೆ ಆ ವಿವೇಕವೂ, ಅದನ್ನು ರೂಢಿಸಿಕೊಳ್ಳುವಷ್ಟು ಬಿಡುವೂ ಲಭಿಸಲಿ ಎಂದು ಹಾರೈಸುತ್ತೇನೆ.