ಹಂಪೆಯ ವಿರೂಪಾಕ್ಷ ಬೀದಿ: ಹೆಸರು ಮತ್ತು ಸ್ವರೂಪ

ಹಂಪೆಯಲ್ಲಿ ವಿರೂಪಾಕ್ಷ ದೇವಾಲಯದ ಪೂರ್ವಗೋಪುರದಿಂದ ಮೊದಲಾಗಿ ಮತಂಗಪರ್ವತದ ಬುಡದ ಏಕಶಿಲಾ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದವಾದ ರಾಜಬೀದಿಯೊಂದುಂಟು. ಇದನ್ನು ಜನರು 'ಹಂಪೆ ಬಜಾರು' ಎಂದು ಕರೆಯುವರು. ಬಜಾರು ಎಂಬುದು ಪಾರಸೀಕ ಶಬ್ದ; ಅಂಗಡಿಸಾಲೆಂದು ಅದರ ಅರ್ಥ. ಆದುದರಿಂದ ಈ ಬೀದಿಯು ವ್ಯಾಪಾರಕ್ಕಾಗಿಯೇ ನಿರ್ಮಿತವಾದುದೆಂದು ಭಾವಿಸುವುದು ಸಹಜವೇ. ಆದರೆ ಅದರ ರಚನೆಯನ್ನು ವಿಚಾರಿಸಿದಲ್ಲಿ ಬೇರೊಂದು ಅಭಿಪ್ರಾಯವು ತೋರಿಬರುತ್ತದೆ.

ಸಂಸ್ಕೃತದಲ್ಲಿ ಬೀದಿಗೆ 'ರಥ್ಯಾ' ಎಂಬ ಹೆಸರುಂಟು. ರಥಸಂಚಾರಕ್ಕೆ ಯೋಗ್ಯವಾದುದೆಂದು ಅದರ ನಿಷ್ಪತ್ತಿ. ಹಂಪೆಯ ಮಹಾವೀಥಿಗಳಿಗೆ ಈ ಶಬ್ದವು ಅಕ್ಷರಶಃ ಒಪ್ಪುತ್ತದೆ. ವಿರೂಪಾಕ್ಷ, ವಿಠ್ಠಲ, ಕೃಷ್ಣ ಈ ಮೂರು ದೇವಾಲಯಗಳೂ ಪೂರ್ವಾಭಿಮುಖವಾದುವು. ಅವುಗಳ ಬೀದಿಗಳೂ ಪೂರ್ವಕ್ಕೇ ಚಾಚಿವೆ. ಅಚ್ಯುತರಾಯನ ಕಾಲದಲ್ಲಿ, 1534ರಲ್ಲಿ ನಿರ್ಮಿತವಾದ ತಿರುವೆಂಗಳನಾಥ ದೇವಾಲಯವು ಉತ್ತರಾಭಿಮುಖ. ಅದರ ಬೀದಿಯೂ ಉತ್ತರಕ್ಕೇ ಸಾಗುತ್ತದೆ. ಬೀದಿಯ ದಿಕ್ಕನ್ನು ನಿರ್ಣಯಿಸಿದವನು ವರ್ತಕನಲ್ಲ, ದೇವನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿರೂಪಾಕ್ಷ ಬೀದಿಯ ಪಶ್ಚಿಮಕ್ಕೆ ಒಂಬತ್ತು ನೆಲೆಗಳ ಮಹಾಗೋಪುರವು ಸುಮಾರು 50 ಮೀಟರು ಎತ್ತರಕ್ಕೆ ನಿಂತಿದೆ. ಒಳಗಿನ ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕೃಷ್ಣದೇವರಾಯನು ಕಟ್ಟಿಸಿ, ಹೊರಗಣ ಹಿರಿಯ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದನೆಂದು 1510ರ ಶಾಸನದಿಂದ ತಿಳಿದುಬರುತ್ತದೆ. ಬೀದಿಯ ಇಕ್ಕೆಲಗಳಲ್ಲಿ ಕಲ್ಲುಕಂಬಗಳ ಮಂಟಪಗಳ ಸಾಲುಂಟು. ಪೂರ್ವದ ಕಡೆಗೆ ಇವುಗಳಲ್ಲಿ ಕೆಲವು ಎರಡಂತಸ್ತಿನವು. ಪೂರ್ವಾಂತದಲ್ಲಿರುವ ನಂದಿಗೆ 'ಎದುರು ಬಸವಣ್ಣ' ಎಂದು ಹೆಸರು. ಸ್ವಾಮಿಗೆ ಎದುರಾಗಿ ಕುಳಿತುದರಿಂದ ಬಂದ ಈ ಹೆಸರು ಬೀದಿಯ ಎರಡು ತುದಿಗಳ ಸಂಬಂಧವನ್ನೇ ಸೂಚಿಸುತ್ತದೆ.

ಕ್ರಿ. ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಸನು ಈ ಬೀದಿಯನ್ನು ವರ್ಣಿಸುವಾಗ ಅಂಗಡಿಗಳ ಮಾತನ್ನೆತ್ತುವುದಿಲ್ಲ. ಮೊಗಸಾಲೆಗಳುಳ್ಳ ಸುಂದರ ಗೃಹಗಳು, ಅವುಗಳಲ್ಲಿ ಯಾತ್ರಿಕರ ವಸತಿ, ಉತ್ತಮವರ್ಗದವರ ಬಿಡಾರಗಳು, ದೇವರ ದರ್ಶನಕ್ಕೆ ಬಂದಾಗ ಅರಸನು ತಂಗುವ ಅರಮನೆ, ಇವನ್ನೇ ಅವನು ಹೇಳುತ್ತಾನೆ. ಹಾಗೆಂದು ಇಲ್ಲಿ ಕ್ರಯವಿಕ್ರಯವು ನಡೆಯಲೇ ಇಲ್ಲವೆನ್ನಲಾಗದು. ಜಾತ್ರೆಯಿದ್ದಲ್ಲಿ ವ್ಯಾಪಾರವೂ ಇದ್ದೇ ಇರುವುದು. ಆದರೆ ಅದು ಆನುಷಂಗಿಕ. ಉತ್ಸವವೂ ಆತಿಥ್ಯವೂ ಪ್ರಧಾನ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ಈ ಮಂಟಪಗಳಲ್ಲಿ ನೆಲೆಸಿದ್ದ ಮನೆಗಳನ್ನೂ ಅಂಗಡಿಗಳನ್ನೂ ಸ್ಮಾರಕರಕ್ಷಣೆಯ ನಿಮಿತ್ತ ತೆರವುಗೊಳಿಸಲಾಯಿತು. ಕಲ್ಲಿನ ರಕ್ಷಣೆ ಅವಶ್ಯವೇ ಸರಿ. ಆದರೆ ಪಾಯಸನು ಕಂಡ ಬೀದಿಯು ಬರಿಯ ಕಲ್ಲಿನದಲ್ಲ, ಜನವಾಸವುಳ್ಳದ್ದು. ಚೈತ್ರಮಾಸದ ರಥೋತ್ಸವದಲ್ಲಿ ಇಂದಿಗೂ ತೇರು ಇಲ್ಲಿಯೇ ಸಾಗುವುದರಿಂದ 'ರಥ್ಯಾ' ಎಂಬ ಹೆಸರು ಸಾರ್ಥಕವಾಗಿ ಉಳಿದಿದೆ. ಯಾತ್ರಿಕನಿಗೆ ನೆರಳನ್ನೂ ನೆಲೆಯನ್ನೂ ಕೊಡುತ್ತಿದ್ದ ಅದರ ಇನ್ನೊಂದು ಧರ್ಮವೂ ರಕ್ಷಣೆಯ ವಿಚಾರದಲ್ಲಿ ಗಣನೆಗೆ ಬರತಕ್ಕದ್ದು.